‘ಇಂಗ್’ ಪದಗುಚ್ಛದ ಒಡೆಯ ಯಾರು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಇಂಗ್ಲಿಷ್ ವಾಕ್ಯಗಳಲ್ಲಿ ಪಾರ್ಟಿಸಿಪಲ್ ಪದಗುಚ್ಛಗಳ ಬಳಕೆಯನ್ನು ಕುರಿತವು. ಆದ್ದರಿಂದ ಉಳಿದ ಪ್ರಶ್ನೆಗಳನ್ನು ಬದಿಗಿರಿಸಿ ಇವನ್ನಷ್ಟೇ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಬರೆಯುವ ಇಂಗ್ಲಿಷ್‌ನಲ್ಲಿ ವ್ಯಾಕರಣದ ತಪ್ಪು ಹೆಚ್ಚಿಲ್ಲ, ಆದರೆ ವಾಕ್ಯಗಳೆಲ್ಲ ತುಂಡು ತುಂಡಾಗಿವೆ ಎಂದು ಓದಿದವರು ಹೇಳುತ್ತಾರೆ. ಪಾರ್ಟಿಸಿಪಲ್ ಫ್ರೇಸ್ ಬಳಸಿ ವಿವರ ಸೇರಿಸು ಎಂಬ ಸಲಹೆಯೂ ಸಿಕ್ಕಿದೆ. ಹಾಗೆಂದರೇನು? ಅದನ್ನು ಹೇಗೆ ಸೇರಿಸಬೇಕು?

ಉತ್ತರ: ಕನ್ನಡ ವ್ಯಾಕರಣದಲ್ಲಿ ನೀವು ಓದಿರುವ ಕೃದಂತಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ‘ಮಾಡುತ್ತ’, ‘ಮಾಡಿ’, ‘ಮಾಡದೆ’ ಎಂಬ ಕೃದಂತಾವ್ಯಯಗಳೂ ‘ಮಾಡಿದ’, ‘ಮಾಡುವ’ ಎಂಬ ರೂಪಗಳೂ ಕ್ರಿಯಾಪದದಿಂದಲೇ ಹುಟ್ಟುತ್ತವೆ. ಆದರೆ ಇವುಗಳಲ್ಲಿ ಯಾವುದೂ ತಾನೊಂದೇ ವಾಕ್ಯವನ್ನು ಮುಗಿಸಲಾರದು. ಇಂಗ್ಲಿಷ್‌ನಲ್ಲಿ ಈ ಕೆಲಸವನ್ನು ಮುಖ್ಯವಾಗಿ ಮೂರು ರೂಪಗಳು ಮಾಡುತ್ತವೆ: ‘ಹೋಲ್ಡಿಂಗ್’ ಎಂಬಂತಹ ‘ಇಂಗ್’ ರೂಪ, ‘ಸೋಕ್ಡ್’, ‘ಬ್ರೋಕನ್’ ಎಂಬಂತಹ ಭೂತ ರೂಪ, ಮತ್ತು ‘ಹ್ಯಾವಿಂಗ್ ಫಿನಿಶ್ಡ್’ ಎಂಬಂತಹ ಪೂರ್ಣ ರೂಪ. ಇಂತಹ ರೂಪಕ್ಕೆ ಅದರ ಕರ್ಮವೋ ಸ್ಥಳಕಾಲಗಳ ಸೂಚನೆಯೋ ಸೇರಿದಾಗ ಅದನ್ನು ಪಾರ್ಟಿಸಿಪಲ್ ಪದಗುಚ್ಛ ಎನ್ನುತ್ತಾರೆ.

ಒಂದು ಉದಾಹರಣೆಯನ್ನು ನಿಧಾನವಾಗಿ ನೋಡೋಣ. ‘ದ ಓಲ್ಡ್ ಮ್ಯಾನ್ ಸ್ಟುಡ್ ಅಟ್ ದ ಗೇಟ್. ಹಿ ವಾಸ್ ಸೋಕ್ಡ್ ಟು ದ ಸ್ಕಿನ್. ಹಿ ವಾಸ್ ಹೋಲ್ಡಿಂಗ್ ಎ ಟೋರ್ನ್ ಅಂಬ್ರೆಲಾ. ಹಿ ವಾಸ್ ವಾಚಿಂಗ್ ದ ರೋಡ್.’ ಇಲ್ಲಿ ನಾಲ್ಕು ವಾಕ್ಯಗಳಿದ್ದು ನಾಲ್ಕಕ್ಕೂ ಒಂದೇ ತೂಕವಿದೆ. ಮುದುಕ ನಿಂತಿದ್ದದ್ದು ಮುಖ್ಯವೋ ಕೊಡೆ ಹರಿದಿದ್ದದ್ದು ಮುಖ್ಯವೋ ಎಂದು ಓದುಗನಿಗೆ ತಿಳಿಯುವುದಿಲ್ಲ. ನಿಂತಿದ್ದದ್ದೇ ಮುಖ್ಯವೆಂದು ನೀವು ತೀರ್ಮಾನಿಸಿದರೆ ಆ ಕ್ರಿಯಾಪದವನ್ನು ಮಾತ್ರ ಪೂರ್ಣರೂಪದಲ್ಲಿ ಉಳಿಸಿಕೊಂಡು, ಮಿಕ್ಕ ಮೂರರಲ್ಲಿ ‘ಹಿ ವಾಸ್’ ಎಂಬುದನ್ನು ತೆಗೆದುಬಿಡಿ. ‘ಸೋಕ್ಡ್ ಟು ದ ಸ್ಕಿನ್, ದ ಓಲ್ಡ್ ಮ್ಯಾನ್ ಸ್ಟುಡ್ ಅಟ್ ದ ಗೇಟ್, ಹೋಲ್ಡಿಂಗ್ ಎ ಟೋರ್ನ್ ಅಂಬ್ರೆಲಾ, ವಾಚಿಂಗ್ ದ ರೋಡ್’ ಎಂಬ ಒಂದು ವಾಕ್ಯ ಉಳಿಯುತ್ತದೆ. ಹೊಸ ಪದ ಒಂದೂ ಸೇರಿಲ್ಲ, ಮೂರು ಸಲ ಬಂದಿದ್ದ ‘ಹಿ ವಾಸ್’ ಮಾತ್ರ ಹೋಗಿದೆ.

ಈ ವಾಕ್ಯದಲ್ಲಿ ಎರಡು ಗುಚ್ಛಗಳು ಮುಖ್ಯ ವಾಕ್ಯದ ನಂತರ ಬಂದಿರುವುದನ್ನು ಗಮನಿಸಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಕೃದಂತಗಳೆಲ್ಲ ಅದಕ್ಕೂ ಮುಂಚೆಯೇ ಸಾಲುಗಟ್ಟಬೇಕು: ‘ಮುದುಕ ಹರಿದ ಕೊಡೆ ಹಿಡಿದು, ರಸ್ತೆಯನ್ನೇ ನೋಡುತ್ತ, ಗೇಟಿನ ಬಳಿ ನಿಂತಿದ್ದ.’ ಈ ಅಭ್ಯಾಸದಿಂದಲೇ ನಮ್ಮಲ್ಲಿ ಬಹುಮಂದಿ ಇಂಗ್ಲಿಷ್‌ನಲ್ಲಿಯೂ ಎಲ್ಲ ಗುಚ್ಛಗಳನ್ನು ವಾಕ್ಯದ ತಲೆಯ ಮೇಲೆ ಹೇರುತ್ತಾರೆ. ಅದು ತಪ್ಪಲ್ಲ. ಆದರೆ ಸಾಲು ಸಾಲಾಗಿ ಹಾಗೆಯೇ ಬಂದಾಗ, ಯಾರು ಏನು ಮಾಡಿದರೆಂಬುದು ತಿಳಿಯುವ ಮೊದಲೇ ಓದುಗ ದಣಿಯುತ್ತಾನೆ. ಇಂಗ್ಲಿಷ್‌ನಲ್ಲಿ ಮುಖ್ಯ ಮಾತನ್ನು ಮೊದಲು ಹೇಳಿ ಮುಗಿಸಿ, ವಿವರಗಳನ್ನು ಒಂದೊಂದಾಗಿ ಅದರ ಹಿಂದೆ ಜೋಡಿಸುವ ಸೌಲಭ್ಯವಿದೆ. ಅಮೆರಿಕದಲ್ಲಿ ಬರವಣಿಗೆ ಕಲಿಸುತ್ತಿದ್ದ ಫ್ರಾನ್ಸಿಸ್ ಕ್ರಿಸ್ಟೆನ್ಸನ್ 1963ರಲ್ಲಿ ಪ್ರಕಟಿಸಿದ ಪ್ರಬಂಧವೊಂದರಲ್ಲಿ ಇಂತಹ ರಚನೆಯನ್ನು ‘ಕ್ಯುಮುಲೇಟಿವ್ ಸೆಂಟೆನ್ಸ್’ ಎಂದು ಕರೆದು, ವಿದ್ಯಾರ್ಥಿಗಳಿಗೆ ಇದನ್ನೇ ಅಭ್ಯಾಸ ಮಾಡಿಸಬೇಕೆಂದು ವಾದಿಸಿದ್ದರು. ಕನ್ನಡದಿಂದ ಇಂಗ್ಲಿಷ್‌ಗೆ ಬರುವವರಿಗೆ ಆ ಸಲಹೆ ಇನ್ನೂ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ, ಏಕೆಂದರೆ ಹಿಂದೆ ಜೋಡಿಸುವ ಈ ಕ್ರಮ ನಮಗೆ ತಾನಾಗಿ ಹೊಳೆಯುವಂಥದ್ದಲ್ಲ.

ಪ್ರಶ್ನೆ: ‘ಹಿಯರಿಂಗ್ ದ ನ್ಯೂಸ್, ಟಿಯರ್ಸ್ ಕೇಮ್ ಟು ಮೈ ಐಸ್’ ಎಂದು ನಾನು ಬರೆದ ವಾಕ್ಯವನ್ನು ತಪ್ಪೆಂದು ಹೊಡೆದುಹಾಕಲಾಯಿತು. ‘ಸುದ್ದಿ ಕೇಳಿ ನನ್ನ ಕಣ್ಣಲ್ಲಿ ನೀರು ಬಂತು’ ಎಂಬುದು ಕನ್ನಡದಲ್ಲಿ ಸರಿಯೇ ಆಗಿರುವಾಗ ಇಂಗ್ಲಿಷ್‌ನಲ್ಲಿ ಏಕೆ ತಪ್ಪು?

ಉತ್ತರ: ತಪ್ಪಿನ ಮೂಲವನ್ನು ನೀವೇ ಪ್ರಶ್ನೆಯಲ್ಲಿ ತೋರಿಸಿಕೊಟ್ಟಿದ್ದೀರಿ. ಪಾರ್ಟಿಸಿಪಲ್ ಗುಚ್ಛದಲ್ಲಿ ಕ್ರಿಯೆ ಇರುತ್ತದೆ, ಅದನ್ನು ಮಾಡಿದವರು ಇರುವುದಿಲ್ಲ. ‘ಹಿಯರಿಂಗ್ ದ ನ್ಯೂಸ್’ ಎಂದಾಗ ಕೇಳಿದವರು ಯಾರೆಂಬುದಕ್ಕೆ ಆ ಮೂರು ಪದಗಳಲ್ಲಿ ಉತ್ತರವಿಲ್ಲ. ಇಂಗ್ಲಿಷ್ ಓದುಗ ಆ ಉತ್ತರಕ್ಕಾಗಿ ಅಲ್ಪವಿರಾಮ ದಾಟಿದೊಡನೆ ಸಿಗುವ ಕರ್ತೃಪದದ ಕಡೆ ನೋಡುತ್ತಾನೆ. ನಿಮ್ಮ ವಾಕ್ಯದಲ್ಲಿ ಅಲ್ಲಿರುವುದು ‘ಟಿಯರ್ಸ್’. ಹಾಗಾಗಿ ಸುದ್ದಿಯನ್ನು ಕೇಳಿದ್ದು ಕಣ್ಣೀರು ಎಂದಾಯಿತು. ಹೀಗೆ ಒಡೆಯನಿಲ್ಲದೆ ತೂಗಾಡುವ ಗುಚ್ಛವನ್ನು ಇಂಗ್ಲಿಷ್ ವ್ಯಾಕರಣಕಾರರು ‘ಡ್ಯಾಂಗ್ಲಿಂಗ್ ಪಾರ್ಟಿಸಿಪಲ್’ ಎನ್ನುತ್ತಾರೆ.

ಕನ್ನಡದಲ್ಲಿ ಈ ತೊಡಕು ಏಕೆ ಬರುವುದಿಲ್ಲ ಎಂಬುದು ಹೆಚ್ಚು ಸ್ವಾರಸ್ಯದ ಪ್ರಶ್ನೆ. ನಮ್ಮ ಭಾಷೆಯಲ್ಲಿ ಅನುಭವಿಸುವವನು ಹಲವು ಸಲ ಪ್ರಥಮಾ ವಿಭಕ್ತಿಯಲ್ಲಿ ನಿಲ್ಲುವುದೇ ಇಲ್ಲ. ‘ನನಗೆ ಬೇಸರವಾಯಿತು’, ‘ಅವನಿಗೆ ಹಸಿವಾಯಿತು’, ‘ಅವಳಿಗೆ ನೆನಪಾಯಿತು’ ಎಂಬ ಮಾತುಗಳಲ್ಲಿ ವ್ಯಾಕರಣದ ಕರ್ತೃ ಬೇಸರ, ಹಸಿವು, ನೆನಪು. ಅನುಭವಿಸಿದ ಮನುಷ್ಯ ಚತುರ್ಥಿಯಲ್ಲಿ, ‘ಗೆ’ ಪ್ರತ್ಯಯದೊಡನೆ ಇದ್ದಾನೆ. ಆದರೂ ‘ಸುದ್ದಿ ಕೇಳಿ ನನಗೆ ಬೇಸರವಾಯಿತು’ ಎಂದಾಗ ಕೇಳಿದವನು ನಾನೇ ಎಂಬುದರಲ್ಲಿ ಯಾವ ಕನ್ನಡಿಗನಿಗೂ ಅನುಮಾನ ಹುಟ್ಟುವುದಿಲ್ಲ. ನಮ್ಮ ಕೃದಂತ ತನ್ನ ಒಡೆಯನನ್ನು ‘ನನಗೆ’ ಎಂಬಲ್ಲಿ, ಕೆಲವೊಮ್ಮೆ ‘ನನ್ನ’ ಎಂಬಲ್ಲಿಯೂ ಹುಡುಕಿಕೊಳ್ಳುತ್ತದೆ. ಇಂಗ್ಲಿಷ್‌ನ ಪಾರ್ಟಿಸಿಪಲ್‌ಗೆ ಆ ಸ್ವಾತಂತ್ರ್ಯವಿಲ್ಲ. ಅದು ‘ಐ’ ಎಂಬುದನ್ನು ಗುರುತಿಸುತ್ತದೆ, ‘ಟು ಮಿ’, ‘ಮೈ ಐಸ್’ ಎಂಬುವನ್ನು ಗುರುತಿಸುವುದಿಲ್ಲ.

ಇನ್ನೊಂದು ಕಾರಣವೂ ಇದೆ. ‘ಮಳೆ ಸುರಿದು ರಸ್ತೆ ಕೊಚ್ಚಿಹೋಯಿತು’ ಎಂಬ ವಾಕ್ಯದಲ್ಲಿ ಸುರಿದದ್ದು ಮಳೆ, ಕೊಚ್ಚಿಹೋದದ್ದು ರಸ್ತೆ. ಕರ್ತೃಗಳು ಬೇರೆಯಾದರೂ ಒಂದರಿಂದ ಇನ್ನೊಂದು ಸಹಜವಾಗಿ ಉಂಟಾಯಿತೆಂಬ ಸಂಬಂಧವಿರುವುದರಿಂದ ಕನ್ನಡ ಇದನ್ನು ಒಪ್ಪುತ್ತದೆ. ಇದೇ ಧೈರ್ಯದಲ್ಲಿ ‘ಅಣ್ಣ ಪತ್ರ ಬರೆದು ತಂಗಿ ಲಕೋಟೆಗೆ ಹಾಕಿದಳು’ ಎಂದು ಬರೆದರೆ ಮಾತ್ರ ನಮ್ಮ ಕಿವಿಯೂ ಒಪ್ಪುವುದಿಲ್ಲ, ಅಲ್ಲಿ ‘ಅಣ್ಣ ಬರೆದ ಪತ್ರವನ್ನು’ ಎಂದೇ ಬದಲಿಸಬೇಕಾಗುತ್ತದೆ. ಅಂದರೆ ಒಬ್ಬನೇ ಕರ್ತೃವಿರಬೇಕೆಂಬ ನಿಯಮ ನಮಗೆ ಪರಕೀಯವಲ್ಲ, ನಾವು ಅದನ್ನು ತುಸು ಸಡಿಲವಾಗಿ ಪಾಲಿಸುತ್ತೇವೆ, ಅಷ್ಟೆ. ಸಂಸ್ಕೃತದ ‘ಕ್ತ್ವಾ’ ಪ್ರತ್ಯಯವನ್ನು ವಿವರಿಸುವಾಗ ಪಾಣಿನಿ ‘ಸಮಾನಕರ್ತೃಕಯೋಃ ಪೂರ್ವಕಾಲೇ’ ಎಂಬ ಸೂತ್ರದಲ್ಲಿ ಹೇಳಿರುವುದು ಇದನ್ನೇ: ಎರಡು ಕ್ರಿಯೆಗಳಿಗೆ ಒಬ್ಬನೇ ಕರ್ತೃವಿದ್ದಾಗ, ಮೊದಲು ನಡೆದ ಕ್ರಿಯೆಗೆ ಈ ರೂಪ. ಇಂಗ್ಲಿಷ್‌ನ ಡ್ಯಾಂಗ್ಲಿಂಗ್ ಪಾರ್ಟಿಸಿಪಲ್ ಕುರಿತು ಪುಟಗಟ್ಟಲೆ ಬರೆಯುವ ಪಠ್ಯಪುಸ್ತಕಗಳು ಈ ಸೂತ್ರದ ಮೊದಲ ಪದಕ್ಕಿಂತ ಹೆಚ್ಚಿನದೇನನ್ನೂ ಹೇಳುವುದಿಲ್ಲ.

ನಿಮ್ಮ ವಾಕ್ಯವನ್ನು ಎರಡು ಬಗೆಯಲ್ಲಿ ಸರಿಪಡಿಸಬಹುದು. ಮುಖ್ಯ ವಾಕ್ಯದ ಕರ್ತೃವನ್ನು ಬದಲಿಸಿ ‘ಹಿಯರಿಂಗ್ ದ ನ್ಯೂಸ್, ಐ ಬಿಗ್ಯಾನ್ ಟು ಕ್ರೈ’ ಎನ್ನಬಹುದು. ಕಣ್ಣೀರನ್ನೇ ಕರ್ತೃವಾಗಿ ಉಳಿಸಿಕೊಳ್ಳಬೇಕೆನಿಸಿದರೆ ಗುಚ್ಛವನ್ನು ಬಿಡಿಸಿ, ಅದಕ್ಕೆ ಅದರದೇ ಕರ್ತೃವನ್ನು ಕೊಟ್ಟು, ‘ವೆನ್ ಐ ಹರ್ಡ್ ದ ನ್ಯೂಸ್, ಟಿಯರ್ಸ್ ಕೇಮ್ ಟು ಮೈ ಐಸ್’ ಎನ್ನಬಹುದು. ಮಳೆ ಮತ್ತು ರಸ್ತೆಯ ವಾಕ್ಯದಂತೆ ಕರ್ತೃಗಳು ಬೇರೆಯಾಗಿಯೇ ಇರಬೇಕಾದಲ್ಲಿ ಗುಚ್ಛದೊಳಗೇ ಕರ್ತೃವನ್ನು ಇರಿಸುವ ರಚನೆಯೂ ಇಂಗ್ಲಿಷ್‌ನಲ್ಲಿದೆ: ‘ದ ರೋಡ್ ಹ್ಯಾವಿಂಗ್ ಬೀನ್ ವಾಷ್ಡ್ ಅವೇ, ದ ಬಸ್ ಟರ್ನ್ಡ್ ಬ್ಯಾಕ್.’ ಇದು ವ್ಯಾಕರಣಬದ್ಧವೇ ಹೌದು, ಆದರೆ ಗಂಭೀರ ಬರವಣಿಗೆಯ ಛಾಯೆ ಇರುವುದರಿಂದ ಪತ್ರವ್ಯವಹಾರದಲ್ಲಿ ಹೆಚ್ಚಾಗಿ ಬಳಸಿದರೆ ಬಿಗುವಾಗಿ ಕೇಳಿಸುತ್ತದೆ.

ವರದಿಗಳನ್ನು ಬರೆಯುವವರು ಕರ್ಮಣಿ ಪ್ರಯೋಗದಲ್ಲಿ ವಿಶೇಷವಾಗಿ ಎಚ್ಚರ ವಹಿಸಬೇಕು. ‘ಹ್ಯಾವಿಂಗ್ ಚೆಕ್ಡ್ ದ ಅಕೌಂಟ್ಸ್, ಆನ್ ಎರರ್ ವಾಸ್ ಫೌಂಡ್’ ಎಂಬಲ್ಲಿ ಲೆಕ್ಕವನ್ನು ಪರಿಶೀಲಿಸಿದ್ದು ತಪ್ಪೇ ಎಂದಾಗುತ್ತದೆ, ಏಕೆಂದರೆ ನಿಜವಾಗಿ ಪರಿಶೀಲಿಸಿದವರು ವಾಕ್ಯದಿಂದಲೇ ಮರೆಯಾಗಿದ್ದಾರೆ. ಭೂತ ರೂಪದಲ್ಲಿ ಇದೇ ಅಪಾಯ ಇನ್ನಷ್ಟು ನಗೆ ತರಿಸುತ್ತದೆ. ‘ರಸ್ಟೆಡ್ ಬಿಯಾಂಡ್ ರಿಪೇರ್, ಮೈ ಅಂಕಲ್ ಸೋಲ್ಡ್ ದ ಬೈಸಿಕಲ್’ ಎಂದು ಬರೆದರೆ ತುಕ್ಕು ಹಿಡಿದಿರುವುದು ಸೈಕಲ್ಲಿಗಲ್ಲ, ಮಾವನಿಗೆ.

ಪ್ರಶ್ನೆ: ‘ಫಿನಿಶಿಂಗ್’ ಮತ್ತು ‘ಹ್ಯಾವಿಂಗ್ ಫಿನಿಶ್ಡ್’ ಇವುಗಳಲ್ಲಿ ಯಾವುದನ್ನು ಎಲ್ಲಿ ಬಳಸಬೇಕು? ಕನ್ನಡದ ‘ಮುಗಿಸಿ’ ಎಂಬುದಕ್ಕೆ ಎರಡೂ ಸರಿಹೊಂದುವಂತೆ ಕಾಣುತ್ತವೆ.

ಉತ್ತರ: ‘ಇಂಗ್’ ರೂಪ ಮೂಲತಃ ಸಮಕಾಲವನ್ನು ಸೂಚಿಸುತ್ತದೆ, ಕನ್ನಡದ ‘ಮುಗಿಸುತ್ತ’ ಎಂಬುದಕ್ಕೆ ಅದು ಹತ್ತಿರ. ಎರಡು ಕ್ರಿಯೆಗಳು ಒಂದರ ಬೆನ್ನಿಗೇ ಇನ್ನೊಂದು ಎಂಬಷ್ಟು ಅಂಟಿಕೊಂಡಿದ್ದರೂ ಅದನ್ನು ಬಳಸಬಹುದು: ‘ಓಪನಿಂಗ್ ದ ಡ್ರಾಯರ್, ಹಿ ಟುಕ್ ಔಟ್ ಎ ಕೀ.’ ಆದರೆ ನಡುವೆ ಕಾಲದ ಅಂತರವಿದ್ದರೆ ‘ಹ್ಯಾವಿಂಗ್’ ಬೇಕೇ ಬೇಕು. ‘ಹ್ಯಾವಿಂಗ್ ಫಿನಿಶ್ಡ್ ಹರ್ ಡಿಗ್ರೀ, ಶಿ ಸ್ಪೆಂಟ್ ಟೂ ಇಯರ್ಸ್ ಲುಕಿಂಗ್ ಫಾರ್ ವರ್ಕ್’ ಎಂಬಲ್ಲಿ ‘ಫಿನಿಶಿಂಗ್’ ಹಾಕಿದರೆ ಪದವಿ ಮುಗಿಸುವುದೂ ಕೆಲಸ ಹುಡುಕುವುದೂ ಒಟ್ಟೊಟ್ಟಿಗೆ ನಡೆದಂತಾಗುತ್ತದೆ. ‘ಅನ್‌ಲಾಕಿಂಗ್ ದ ಫ್ರಂಟ್ ಡೋರ್, ಶಿ ರ‍್ಯಾನ್ ಅಪ್ ಟು ದ ಥರ್ಡ್ ಫ್ಲೋರ್’ ಎಂಬಂತಹ ವಾಕ್ಯಗಳು ಅನುವಾದಗಳಲ್ಲಿ ಆಗಾಗ ಕಾಣಿಸುತ್ತವೆ. ಬೀಗ ತೆರೆಯುತ್ತಲೇ ಮೂರನೆಯ ಮಹಡಿಗೆ ಓಡುವುದು ಯಾರಿಂದಲೂ ಆಗದು.

ಮುಖ್ಯ ವಾಕ್ಯದ ನಂತರ ಬರುವ ‘ಇಂಗ್’ ರೂಪಕ್ಕೆ ಇನ್ನೊಂದು ಅರ್ಥವೂ ಇದೆ, ಅದು ಪರಿಣಾಮ. ‘ದ ಡ್ಯಾಮ್ ಬರ್ಸ್ಟ್, ಫ್ಲಡಿಂಗ್ ದ ವ್ಯಾಲಿ’ ಎಂಬಲ್ಲಿ ಅಣೆಕಟ್ಟು ಒಡೆದದ್ದು ಮುಖ್ಯ ಕ್ರಿಯೆ, ಕಣಿವೆ ಮುಳುಗಿದ್ದು ಅದರ ಫಲ. ಕನ್ನಡದಲ್ಲಿ ‘ಅಣೆಕಟ್ಟು ಒಡೆದು ಕಣಿವೆ ಮುಳುಗಿತು’ ಎನ್ನುವಾಗ ಕೃದಂತ ಸಿಗುವುದು ಕಾರಣಕ್ಕೆ, ಇಂಗ್ಲಿಷ್‌ನಲ್ಲಿ ಅದು ಸಿಕ್ಕಿರುವುದು ಪರಿಣಾಮಕ್ಕೆ. ಪದಕ್ಕೆ ಪದ ಹಾಕಿ ಅನುವಾದಿಸುವವರಿಗೆ ಈ ರಚನೆ ಎಂದೂ ಕೈಗೆ ಸಿಗುವುದಿಲ್ಲ.

ನಿಷೇಧದಲ್ಲಿ ‘ನಾಟ್’ ಯಾವಾಗಲೂ ಪಾರ್ಟಿಸಿಪಲ್‌ಗಿಂತ ಮೊದಲು ಬರುತ್ತದೆ: ‘ನಾಟ್ ನೋಯಿಂಗ್ ದ ವೇ, ಹಿ ವೇಟೆಡ್.’ ಇಲ್ಲಿ ಇನ್ನೊಂದು ಸಂದೇಹವನ್ನೂ ಬಗೆಹರಿಸಬಹುದು. ‘ಐ ಆಮ್ ನೋಯಿಂಗ್’ ಎನ್ನಬಾರದೆಂದು ಶಾಲೆಯಲ್ಲಿ ಕಲಿತವರು ‘ನೋಯಿಂಗ್’ ಎಂಬ ರೂಪವನ್ನೇ ಕಂಡರೆ ಹಿಂಜರಿಯುತ್ತಾರೆ. ಆ ನಿಷೇಧ ‘ಆಮ್’, ‘ಇಸ್’, ‘ವಾಸ್’ ಸೇರಿದ ಕ್ರಿಯಾಪದಕ್ಕೆ ಮಾತ್ರ ಅನ್ವಯಿಸುತ್ತದೆ. ಪಾರ್ಟಿಸಿಪಲ್ ಗುಚ್ಛದಲ್ಲಿ ‘ನೋಯಿಂಗ್’, ‘ಬಿಲೀವಿಂಗ್’, ‘ವಾಂಟಿಂಗ್’ ಎಲ್ಲವೂ ಸರಿ.

ಪ್ರಶ್ನೆ: ಪಾರ್ಟಿಸಿಪಲ್ ಗುಚ್ಛದ ಮುಂದೆ ಅಲ್ಪವಿರಾಮ ಹಾಕಬೇಕೇ, ಬೇಡವೇ? ಕೆಲವು ಕಡೆ ಇರುತ್ತದೆ, ಕೆಲವು ಕಡೆ ಇರುವುದಿಲ್ಲ.

ಉತ್ತರ: ಗುಚ್ಛ ವಾಕ್ಯದ ಆರಂಭದಲ್ಲಿದ್ದರೆ ಅದರ ನಂತರ ಅಲ್ಪವಿರಾಮ ಹಾಕಿ, ಅಲ್ಲಿ ಚರ್ಚೆಗೆ ಎಡೆಯಿಲ್ಲ. ನಡುವಿನಲ್ಲಿಯೂ ಕೊನೆಯಲ್ಲಿಯೂ ಬಂದಾಗ ಮಾತ್ರ ಅಲ್ಪವಿರಾಮ ಅರ್ಥವನ್ನೇ ನಿರ್ಧರಿಸುತ್ತದೆ. ‘ದ ಸ್ಟೂಡೆಂಟ್ಸ್ ಸಿಟಿಂಗ್ ಅಟ್ ದ ಬ್ಯಾಕ್ ಕುಡ್ ನಾಟ್ ಹಿಯರ್’ ಎಂದರೆ ‘ಹಿಂದೆ ಕುಳಿತಿದ್ದ ವಿದ್ಯಾರ್ಥಿಗಳಿಗೆ ಕೇಳಿಸಲಿಲ್ಲ’, ಅಂದರೆ ಮುಂದೆ ಕುಳಿತವರಿಗೆ ಬಹುಶಃ ಕೇಳಿಸಿತು. ‘ಸ್ಟೂಡೆಂಟ್ಸ್’ ಮತ್ತು ‘ಬ್ಯಾಕ್’ ಪದಗಳ ನಂತರ ಒಂದೊಂದು ಅಲ್ಪವಿರಾಮ ಹಾಕಿದರೆ ‘ವಿದ್ಯಾರ್ಥಿಗಳು ಹಿಂದೆ ಕುಳಿತಿದ್ದರು, ಅವರಿಗೆ ಕೇಳಿಸಲಿಲ್ಲ’ ಎಂದಾಗುತ್ತದೆ, ಅಂದರೆ ಎಲ್ಲರೂ ಹಿಂದೆಯೇ ಇದ್ದರು. ಮೊದಲನೆಯದರಲ್ಲಿ ಗುಚ್ಛ ಯಾವ ವಿದ್ಯಾರ್ಥಿಗಳೆಂದು ಆರಿಸಿಕೊಡುತ್ತದೆ. ಎರಡನೆಯದರಲ್ಲಿ ಅದು ಸೇರಿಸಿದ ವಿವರ ಮಾತ್ರ, ತೆಗೆದರೂ ಯಾರ ಕುರಿತ ಮಾತೆಂಬುದು ಬದಲಾಗುವುದಿಲ್ಲ.

ಕೊನೆಯಲ್ಲಿ ಬರುವ ಗುಚ್ಛಕ್ಕೂ ಇದೇ ಮಾತು ಅನ್ವಯಿಸುತ್ತದೆ. ‘ಐ ಸಾ ದ ಬಾಯ್ ಕ್ರಾಸಿಂಗ್ ದ ರೋಡ್’ ಎಂದರೆ ದಾಟುತ್ತಿದ್ದವನು ಹುಡುಗ. ‘ಬಾಯ್’ ನಂತರ ಅಲ್ಪವಿರಾಮ ಬಂದರೆ ದಾಟುತ್ತಿದ್ದವನು ನಾನು ಎಂಬ ಅರ್ಥ ಹೊರಡಬಹುದು. ಹೊರಡಬಹುದು ಎಂದು ಬೇಕೆಂದೇ ಹೇಳಿದ್ದೇನೆ. ಅಷ್ಟು ಸಣ್ಣ ಗೆರೆಯ ಮೇಲೆ ಅಷ್ಟು ದೊಡ್ಡ ಹೊರೆಯನ್ನು ಹಾಕದೆ, ‘ಕ್ರಾಸಿಂಗ್ ದ ರೋಡ್, ಐ ಸಾ ದ ಬಾಯ್’ ಎಂದು ಗುಚ್ಛವನ್ನು ಅದರ ಒಡೆಯನ ಪಕ್ಕಕ್ಕೆ ತಂದುಬಿಡುವುದೇ ಜಾಣತನ.

ಪ್ರಶ್ನೆ: ‘ಕನ್ಸಿಡರಿಂಗ್ ದ ಸರ್ಕಮ್‌ಸ್ಟನ್ಸಸ್, ದ ರಿಸಲ್ಟ್ ವಾಸ್ ಗುಡ್’ ಎಂದು ಪತ್ರಿಕೆಗಳಲ್ಲಿ ಓದಿದ್ದೇನೆ. ಇಲ್ಲಿ ಪರಿಗಣಿಸಿದ್ದು ಫಲಿತಾಂಶವಲ್ಲವಲ್ಲ? ದೊಡ್ಡ ಲೇಖಕರೂ ನಿಯಮ ಮುರಿದಿದ್ದಾರೆಂದು ಕೇಳಿದ್ದೇನೆ. ಹಾಗಾದರೆ ನಮಗೇಕೆ ನಿರ್ಬಂಧ?

ಉತ್ತರ: ‘ಕನ್ಸಿಡರಿಂಗ್’, ‘ರಿಗಾರ್ಡಿಂಗ್’, ‘ಕನ್ಸರ್ನಿಂಗ್’, ‘ಅಕಾರ್ಡಿಂಗ್ ಟು’, ‘ಗಿವನ್’ ಮುಂತಾದವು ಹುಟ್ಟಿನಿಂದ ಪಾರ್ಟಿಸಿಪಲ್‌ಗಳಾದರೂ ಬಳಕೆಯಲ್ಲಿ ಸವೆದು ಈಗ ಪ್ರಿಪೊಸಿಷನ್‌ಗಳಂತೆ ಕೆಲಸ ಮಾಡುತ್ತಿವೆ. ಅವುಗಳಿಗೆ ಒಡೆಯನನ್ನು ಹುಡುಕುವ ಅಗತ್ಯವಿಲ್ಲ. ಕನ್ನಡದಲ್ಲಿ ‘ಕುರಿತು’ ಎಂಬ ಪದವೂ ಹೀಗೆಯೇ ಆಗಿದೆ, ‘ಈ ವಿಷಯವನ್ನು ಕುರಿತು ಚರ್ಚೆ ನಡೆಯಿತು’ ಎಂದಾಗ ಕುರಿತವರು ಯಾರೆಂದು ನಾವು ಕೇಳುವುದಿಲ್ಲ.

ದೊಡ್ಡ ಲೇಖಕರ ವಿಚಾರ ನಿಜವೇ. ಶೇಕ್ಸ್‌ಪಿಯರ್‌ನ ಹ್ಯಾಮ್ಲೆಟ್ ನಾಟಕದಲ್ಲಿ ಪ್ರೇತವು ತಾನು ತೋಟದಲ್ಲಿ ಮಲಗಿದ್ದಾಗ ಹಾವು ಕಚ್ಚಿತೆಂಬ ಸುದ್ದಿಯನ್ನು ಹಬ್ಬಿಸಲಾಗಿದೆ ಎಂದು ಹೇಳುವ ಮಾತಿನಲ್ಲಿ, ವ್ಯಾಕರಣದ ಪ್ರಕಾರ ನೋಡಿದರೆ ಮಲಗಿದ್ದದ್ದು ಹಾವು. ಪ್ರೇಕ್ಷಕರು ಗೊಂದಲಕ್ಕೆ ಬೀಳುವುದಿಲ್ಲ, ಏಕೆಂದರೆ ಸನ್ನಿವೇಶ ಅಷ್ಟು ಸ್ಪಷ್ಟವಾಗಿದೆ. ಅರ್ಜಿಯನ್ನು ಓದುವ ಅಧಿಕಾರಿಯ ಮುಂದೆ ಅಂತಹ ಸನ್ನಿವೇಶ ಇರುವುದಿಲ್ಲ. ‘ಹ್ಯಾವಿಂಗ್ ವರ್ಕ್ಡ್ ಇನ್ ಅಕೌಂಟ್ಸ್ ಫಾರ್ ಫೈವ್ ಇಯರ್ಸ್, ಮೈ ಎಕ್ಸ್‌ಪೀರಿಯನ್ಸ್ ವಿಲ್ ಬಿ ಯೂಸ್‌ಫುಲ್’ ಎಂಬುದು ಅರ್ಜಿಗಳಲ್ಲಿ ಸುಲಭವಾಗಿ ನುಸುಳುವ ತಪ್ಪು. ಕೆಲಸ ಮಾಡಿದ್ದು ಅನುಭವವಲ್ಲ, ನೀವು. ‘ಐ ಕ್ಯಾನ್ ಬಿ ಯೂಸ್‌ಫುಲ್’ ಎಂದರೆ ಮುಗಿಯಿತು. ‘ಬೀಯಿಂಗ್ ಎ ಸಂಡೇ, ದ ಆಫೀಸ್ ವಾಸ್ ಕ್ಲೋಸ್ಡ್’ ಎಂಬುದರಲ್ಲಿಯೂ ಕಚೇರಿಯೇ ಭಾನುವಾರವಾಗಿಬಿಡುತ್ತದೆ. ಆರಂಭಕ್ಕೆ ‘ಇಟ್’ ಒಂದನ್ನು ಸೇರಿಸಿದರೆ ಸಾಕು.

ಪ್ರಶ್ನೆ: ‘ಸ್ವಿಮಿಂಗ್ ಈಸ್ ಗುಡ್ ಎಕ್ಸರ್ಸೈಸ್’ ಎಂಬಲ್ಲಿರುವುದೂ ಪಾರ್ಟಿಸಿಪಲ್ಲೇ?

ಉತ್ತರ: ಅಲ್ಲ. ಅಲ್ಲಿ ಅದು ನಾಮಪದದ ಸ್ಥಾನದಲ್ಲಿ ನಿಂತು ವಾಕ್ಯದ ಕರ್ತೃವಾಗಿದೆ, ಅದನ್ನು ಜೆರಂಡ್ ಎನ್ನುತ್ತಾರೆ. ಕನ್ನಡದ ‘ಈಜುವುದು’, ‘ಈಜುತ್ತ’ ಇವುಗಳ ನಡುವಿನ ವ್ಯತ್ಯಾಸವೇ ಅಲ್ಲಿಯೂ ಇದೆ, ರೂಪ ಮಾತ್ರ ಒಂದೇ.

ಪ್ರಶ್ನೆ: ‘ದ ಟ್ರೇನ್ ಸ್ಟಾಪ್ಡ್ ಸಡನ್ಲಿ. ದ ಪ್ಯಾಸೆಂಜರ್ಸ್ ವೋಕ್ ಅಪ್. ದೇ ವರ್ ಫ್ರೈಟನ್ಡ್. ದೇ ಲುಕ್ಡ್ ಔಟ್ ಆಫ್ ದ ವಿಂಡೋಸ್.’ ಇವನ್ನು ಸೇರಿಸಿ ‘ಸ್ಟಾಪಿಂಗ್ ಸಡನ್ಲಿ, ದ ಪ್ಯಾಸೆಂಜರ್ಸ್ ವೋಕ್ ಅಪ್, ಬೀಯಿಂಗ್ ಫ್ರೈಟನ್ಡ್, ಲುಕಿಂಗ್ ಔಟ್ ಆಫ್ ದ ವಿಂಡೋಸ್’ ಎಂದು ಬರೆದಿದ್ದೇನೆ. ಸರಿಯೇ?

ಉತ್ತರ: ಅಲ್ಪವಿರಾಮಗಳು ಸರಿಯಾಗಿವೆ, ಉಳಿದದ್ದು ಸರಿಯಿಲ್ಲ. ನಿಂತದ್ದು ರೈಲು, ನಿಮ್ಮ ವಾಕ್ಯದಲ್ಲಿ ಪ್ರಯಾಣಿಕರು ನಿಂತಿದ್ದಾರೆ. ರೈಲು ಬೇರೆ ಕರ್ತೃವಾದ್ದರಿಂದ ಮೊದಲ ವಾಕ್ಯವನ್ನು ಗುಚ್ಛವಾಗಿಸುವ ಆಸೆಯನ್ನು ಬಿಟ್ಟು, ಅದನ್ನು ಹಾಗೆಯೇ ಪ್ರತ್ಯೇಕವಾಗಿ ಉಳಿಸಿಕೊಳ್ಳಿ. ಹಠಾತ್ತನೆ ನಡೆದ ಘಟನೆಗೆ ಚಿಕ್ಕ ವಾಕ್ಯವೇ ಒಪ್ಪುತ್ತದೆ. ಉಳಿದ ಮೂರಕ್ಕೂ ಪ್ರಯಾಣಿಕರೇ ಕರ್ತೃವಾಗಿರುವುದರಿಂದ ಅವನ್ನು ಬೆಸೆಯಲು ಅಡ್ಡಿಯಿಲ್ಲ. ಎದ್ದದ್ದು ಮೊದಲು, ಕಿಟಕಿಯಿಂದ ನೋಡಿದ್ದು ಆಮೇಲೆ. ಎರಡೂ ಘಟನೆಗಳೇ ಆದುದರಿಂದ ಎರಡಕ್ಕೂ ಪೂರ್ಣ ಕ್ರಿಯಾಪದವನ್ನು ಕೊಡಿ. ಭಯ ಮಾತ್ರ ಅವರ ಸ್ಥಿತಿ, ಅದು ಗುಚ್ಛಕ್ಕೆ ತಕ್ಕದ್ದು, ಮತ್ತು ಅದಕ್ಕೆ ‘ಬೀಯಿಂಗ್’ ಎಂಬ ಊರುಗೋಲು ಬೇಡ. ‘ದ ಟ್ರೇನ್ ಸ್ಟಾಪ್ಡ್ ಸಡನ್ಲಿ. ದ ಪ್ಯಾಸೆಂಜರ್ಸ್ ವೋಕ್ ಅಪ್ ಅಂಡ್, ಫ್ರೈಟನ್ಡ್, ಲುಕ್ಡ್ ಔಟ್ ಆಫ್ ದ ವಿಂಡೋಸ್.’ ಇದಕ್ಕೆ ಇನ್ನೂ ವಿವರ ಬೇಕೆನಿಸಿದರೆ ಕೊನೆಯಲ್ಲಿ ‘ಟ್ರೈಯಿಂಗ್ ಟು ಸೀ ದ ಸಿಗ್ನಲ್’ ಎಂದು ಸೇರಿಸಬಹುದು. ಆಗ ಅವರು ಏನನ್ನು ನೋಡಲು ಹವಣಿಸುತ್ತಿದ್ದರೆಂಬುದೂ ಓದುಗನಿಗೆ ತಿಳಿಯುತ್ತದೆ.